ಹಿತ್ತಲಿನ ಸುಣ್ಣದ ಗೆರೆ

"ನನ್ನ ಮಗೀನ ಸಮಾಧೀನ ಪಕ್ಕದ ಮನೆಯೋನು ಹೊಡ್ಕೊಂಡವ್ನೆ, ಸ್ವಾಮಿ," ಎಂದಳು ವಿಮಲಮ್ಮ.

ಬಸವಲಿಂಗಯ್ಯನವರು ಕಾಫಿ ಲೋಟ ಕೆಳಗಿಟ್ಟರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ರಾಮನಗರದಲ್ಲಿ ನೆಲೆಸಿದ ಮೇಲೂ ಅವರ ಜಗಲಿಗೆ ದೂರುಗಳು ಬರುವುದು ನಿಂತಿರಲಿಲ್ಲ. ಅವರ ಹೊರಕೋಣೆಯ ಬಾಡಿಗೆದಾರನಾದ ನಾನು, ನರಸಯ್ಯ, ಕರೆಯದಿದ್ದರೂ ಹೋಗಿ ಪಕ್ಕದಲ್ಲಿ ಕೂರುವವನು. ಎಮ್ಮೆ ಕದ್ದದ್ದು, ಬೈಕು ಕದ್ದದ್ದು ಕೇಳಿದ್ದೆ. ಸಮಾಧಿ ಹೋದದ್ದು ಅದೇ ಮೊದಲು.

ಅವಳ ಊರು ಕೈಲಾಂಚದ ಹತ್ತಿರ. ಒಬ್ಬಳೇ ಮಗಳು ಮಂಗಳಗೌರಿ ಶಾಲೆಗೆ ಸೇರಿದ ವರ್ಷವೇ ಕಾಮಾಲೆಯಿಂದ ತೀರಿಕೊಂಡಿದ್ದಳು. ಮನೆತನದ ರೂಢಿಯಂತೆ ಮಗುವನ್ನು ಕೂರಿಸಿ, ವಿಭೂತಿ ಹಚ್ಚಿ, ತಮ್ಮ ಹಿತ್ತಲಲ್ಲೇ ಮಣ್ಣು ಮಾಡಿದ್ದರು. ಹೋದ ವರ್ಷ ಸರ್ಕಾರ ಊರಿನ ಮನೆ, ಹಿತ್ತಲುಗಳಿಗೆ ಹಕ್ಕುಪತ್ರ ಕೊಡಲೆಂದು ಡ್ರೋನ್ ಹಾರಿಸಿ ಅಳತೆ ಮಾಡಿಸಿತು. ಡ್ರೋನ್ ಬರುವ ಹಿಂದಿನ ಸಂಜೆ ಅಳತೆಯವರು ಬಂದು, ಎರಡೂ ಮನೆಯವರ ಎದುರು ಗಡಿಯುದ್ದಕ್ಕೂ ಸುಣ್ಣದ ಪುಡಿಯ ಗೆರೆ ಎಳೆದರು. ಮಾರನೆಯ ಬೆಳಿಗ್ಗೆ ಡ್ರೋನ್ ಮೇಲಿನಿಂದ ಬಿಳಿ ಗೆರೆಗಳ ಚಿತ್ರ ತೆಗೆಯಿತು. ಎರಡು ತಿಂಗಳ ಹಿಂದೆ ಬಂದ ಕರಡು ನಕ್ಷೆಯಲ್ಲಿ ಸಮಾಧಿಯ ಜಾಗ ಪಕ್ಕದ ಮುನಿಶಾಮಯ್ಯನ ಪಾಲಿಗೆ ಸೇರಿತ್ತು.

"ಸಮಾಧಿ ಅಂಚಿಗೇ ಗೆರೆ ಎಳುದ್ರು, ನಾನೇ ನಿಂತು ನೋಡಿವ್ನಿ. ಕತ್ಲಾದ್ಮೇಲೆ ಅದ ಅಳಿಸಿ ಈಚೀಕೆ ಎಳ್ದವ್ನೆ. ತಕರಾರು ಹಾಕಕ್ಕೆ ನಾಡಿದ್ದೇ ಕಡೆ ದಿನ. ನಾಳೆ ಅವನ ಮಕ್ಳು ಜಾಗ ಮಾರುದ್ರೆ, ಕೊಂಡೋರು ನನ್ನ ಗೌರಿ ಮೇಲೆ ಪಾಯ ಹಾಕ್ತಾರೆ."

"ಅವನನ್ನ ಕೇಳಿದೆಯೇನಮ್ಮ?"

"ನಕ್ಸೆ ಬಂದಾಗ್ಲಿಂದ ಮಾತೇ ಬುಟ್ಟಿವ್ನಿ. ಅವನ ಹೆಂಡ್ತಿ ಅಂಕಮ್ಮಕ್ಕ ನನ್ನ ಬಾಣಂತನ ಮಾಡ್ದೋಳು. ಹೋದ ತಿಂಗ್ಳು ಸತ್ತೋದ್ಲು. ಮೊಕ ನೋಡಕ್ಕೂ ನಾನೋಗ್ಲಿಲ್ಲ." ಹಾಗೆನ್ನುವಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು. ನನಗೆ ಮುನಿಶಾಮಯ್ಯನ ಮೇಲೆ ಮೈಯೆಲ್ಲ ಉರಿಯಿತು. ನೋಡದ ಮನುಷ್ಯನ ಮೇಲೆ ಸಿಟ್ಟಾಗುವುದು ನನಗೆ ಸುಲಭ.

ಮರುದಿನ ಬೆಳಿಗ್ಗೆಯೇ ಅಲ್ಲಿದ್ದೆವು. ಮನೆಯ ಹಿಂದೆ ರೇಷ್ಮೆಹುಳು ಸಾಕುವ ಮನೆ, ಅದರಾಚೆ ನುಗ್ಗೆಮರದ ಕೆಳಗೆ ಸಮಾಧಿ, ಅದರ ಪಕ್ಕದಿಂದ ಮುನಿಶಾಮಯ್ಯನ ಹಿತ್ತಲು. ಸಮಾಧಿಯ ಸುತ್ತ ಗುಡಿಸಿ, ಸಗಣಿಯಿಂದ ಸಾರಿಸಿ, ರಂಗೋಲಿ ಹಾಕಿತ್ತು. ನೆಲ ಇನ್ನೂ ಒದ್ದೆ. ವಿಮಲಮ್ಮನ ಗಂಡ ಚನ್ನಲಿಂಗಪ್ಪ ಹುಳುಮನೆಯ ಬಾಗಿಲಿನಿಂದಲೇ ಕೈಮುಗಿದ. ಅವನ ಮೊಣಕೈವರೆಗೂ ಬಿಳಿ ಪುಡಿ.

"ಹುಳ ಜ್ವರಕ್ಕೆ ಕುಂತವೆ, ಒಳೀಕೆ ಬರ್ಬೇಡಿ," ಎಂದ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿಯವರು ಜ್ವರವೆನ್ನುತ್ತಾರೆ. "ಈಗ ಸೋಂಕು ತಗುಲುದ್ರೆ ಬೆಳೆಯೆಲ್ಲ ಹೋಯ್ತದೆ."

ಬಸವಲಿಂಗಯ್ಯನವರು ಹುಳುಮನೆಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ ಮುನಿಶಾಮಯ್ಯನ ಬಳಿಗೆ ಹೋದರು. ಮುದುಕ ಸೋತುಹೋಗಿದ್ದ.

"ಆ ಗೆರೇನ ಯಾರೂ ಸರ್ಸಿಲ್ಲ ಸ್ವಾಮಿ. ಅದು ನಂಗೊತ್ತು."

"ಹೇಗೆ ಗೊತ್ತು?"

"ಅದ ಕೇಳ್ಬೇಡಿ. ಮಗೀನ ಜಾಗ ಮಗೀಂದೇ. ಎಲ್ಲಿಗೆ ಬೇಕಾರೂ ಸೈನ್ ಹಾಕ್ತೀನಿ."

"ಕಳ್ಳನ ಮಾತು," ಎಂದೆ ನಾನು ಹೊರಗೆ ಬಂದು.

"ಕಳ್ಳ ಸೈನ್ ಹಾಕ್ತೀನಿ ಅಂತಾನೇನ್ರೀ ನರಸಯ್ಯ?" ಎಂದರು ಅವರು.

ಮಧ್ಯಾಹ್ನ ಎಲ್ಲರೂ ನುಗ್ಗೆಮರದ ಕೆಳಗೆ ಸೇರಿದೆವು. ಅಳತೆಯ ಗುತ್ತಿಗೆ ಹಿಡಿದಿದ್ದ ಖಾಸಗಿ ತಂಡದ ಗಂಗಹನುಮಯ್ಯನನ್ನೂ ಕರೆಸಿದ್ದರು. ಅವನ ಲ್ಯಾಪ್‌ಟಾಪಿನಲ್ಲಿ ಡ್ರೋನ್ ತೆಗೆದ ಚಿತ್ರವಿತ್ತು. ಹುಳುಮನೆಗೂ ಸಮಾಧಿಗೂ ನಡುವೆ ಅಚ್ಚ ಬಿಳಿ ಗೆರೆ; ಸಮಾಧಿಯ ಆಚೆ ಅಂಚಿನಲ್ಲಿ ಏನೂ ಇಲ್ಲ.

"ಈ ಗೆರೆ ಮೂಲೆಯಲ್ಲಿ ಎತ್ತ ಹೋಗುತ್ತೆ ನೋಡಿ," ಎಂದರು ಬಸವಲಿಂಗಯ್ಯನವರು. "ಗಡಿಯಾದರೆ ನೇರವಾಗಿ ಹೋಗಬೇಕು. ಇದು ತಿರುಗಿ ಹುಳುಮನೆಯನ್ನು ಸುತ್ತುತ್ತೆ. ಚನ್ನಲಿಂಗಪ್ಪ, ಡ್ರೋನ್ ಬಂದಾಗ ಹುಳುಗಳು ಯಾವ ಹಂತದಲ್ಲಿದ್ದವು?"

ಅವನು ಚಿತ್ರವನ್ನೇ ನೋಡುತ್ತಿದ್ದ. "ಜ್ವರಕ್ಕೆ ಕುಂತಿದ್ವು. ಸೋಂಕು ಬರ್ದಂಗೆ ಸುತ್ತಾ ಸುಣ್ಣ ಹಾಕಿದ್ದೆ. ಪ್ರತಿ ಬೆಳೆಗೂ ಹಾಕ್ತೀನಲ್ಲ... ಅದು ಇದೇಯಾ?"

"ಅದೇ. ಕಂಪ್ಯೂಟರ್ ಮುಂದೆ ಕೂತವರಿಗೆ ಬಿಳಿಯದೆಲ್ಲ ಗಡಿ. ಗಂಗಹನುಮಯ್ಯ, ನಕ್ಷೆ ಹಿಡಿದು ಸ್ಥಳಕ್ಕೆ ಬಂದು, ಎರಡೂ ಮನೆಯವರನ್ನ ನಿಲ್ಲಿಸಿಕೊಂಡು ತಾಳೆ ನೋಡಬೇಕು ಅಂತ ನಿಮ್ಮ ಗುತ್ತಿಗೆ ಕರಾರಿನಲ್ಲೇ ಇದೆ. ಬಂದಿದ್ದಿರಾ?"

"ಊರು ಬಾಳ ಇದ್ವು ಸಾರ್. ಆಫೀಸಲ್ಲೇ ಮುಗಿಸ್ಬುಟ್ವು," ಎಂದ ಅವನು ತಲೆ ತಗ್ಗಿಸಿ.

"ಹಂಗಾರೆ ನಿಜ್ವಾದ ಗೆರೆ ಎಲ್ಲಿ?" ವಿಮಲಮ್ಮ ಬಿಡಲಿಲ್ಲ. "ಅದ ಅಳಿಸಿದ್ದು ಯಾರು?"

ಬಸವಲಿಂಗಯ್ಯನವರು ಸಾರಿಸಿದ ನೆಲದತ್ತ ನೋಡಿದರು. ಅವರು ಹಿಂಜರಿದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. "ಡ್ರೋನ್ ಬಂದ ದಿನ ಎದ್ದು ಮೊದಲು ಏನು ಮಾಡಿದೆಯಮ್ಮ?"

"ಇನ್ನೇನು ಮಾಡ್ತೀನಿ? ದಿನಾ ಮಾಡೋದೇಯ. ನನ್ನ ಮಗೀನ ತಾವ ಬಂದು ಗುಡ್ಸಿ, ಸಾರ್ಸಿ..."

ಅವಳು ರಂಗೋಲಿಯನ್ನು ನೋಡಿದಳು. ತನ್ನ ಕೈ ನೋಡಿಕೊಂಡಳು.

"ಗೆರೆ ಸಮಾಧಿಯ ಅಂಚಿಗೇ ಇತ್ತು ಅಂದೆ. ಇವತ್ತು ಬೆಳಿಗ್ಗೆ ಅಂಚನ್ನೂ ದಾಟಿ ಸಾರಿಸಿದ್ದು ಕಂಡೆ," ಎಂದರು ಅವರು ಮೆಲ್ಲಗೆ. "ಕಣ್ಣು ಮುಚ್ಚಿದರೂ ನಿನ್ನ ಕೈ ಆ ಕೆಲಸ ಮಾಡುತ್ತೆ. ತಪ್ಪು ನಿನ್ನದಲ್ಲ, ಬಂದು ನೋಡದೆ ನಕ್ಷೆ ಮಾಡಿದವರದು. ಗೆರೆ ಯಾರೂ ಸರಿಸಿಲ್ಲ ಅಂತ ಮುನಿಶಾಮಯ್ಯ ಅಷ್ಟು ಖಚಿತವಾಗಿ ಹೇಳಬೇಕಾದರೆ, ಆ ಬೆಳಿಗ್ಗೆ ಇಲ್ಲಿ ನಡೆದದ್ದು ಅವನ ಮನೆಯಲ್ಲಿ ಯಾರೋ ಕಂಡಿರಬೇಕು."

"ಅಂಕಮ್ಮ ಕಂಡಿದ್ಲು," ಎಂದ ಮುನಿಶಾಮಯ್ಯ. "ನಕ್ಸೆ ಬಂದಾಗ ಹೇಳನ ಅಂದೆ. ಬ್ಯಾಡ, ಮಗೀನ ಜಾಗ ನಾನೇ ಕಳ್ದೆ ಅಂತ ಆ ಹುಡ್ಗಿ ಇನ್ನೊಂದು ದಪ ಸಾಯ್ತಾಳೆ, ನಮ್ಮನ್ನೇ ಬೈಕೊಳ್ಲಿ ಅಂದ್ಲು. ಕಡೆಗಾಲದಾಗೂ ಅದ್ನೇ ಅಂದ್ಲು."

ವಿಮಲಮ್ಮ ನೆಲದ ಮೇಲೆ ಕೂತುಬಿಟ್ಟಳು. ಬೆಳಿಗ್ಗೆಯ ನನ್ನ ಮಾತು ನೆನೆದು ನನಗೆ ನಾಚಿಕೆಯಾಯಿತು. ದುಃಖ ಅದಕ್ಕಿಂತ ದೊಡ್ಡದಾಗಿತ್ತು. ನಕ್ಷೆಯನ್ನು ತಿದ್ದಬಹುದು, ಅಂಕಮ್ಮನ ಮುಖ ಇನ್ನು ನೋಡುವಂತಿರಲಿಲ್ಲ.

ತಕರಾರಿಗೆ ಎರಡೂ ಮನೆಯವರು ಅಂದೇ ಸಹಿ ಹಾಕಿದರು. ಮರು ಅಳತೆಯ ಹಿಂದಿನ ಸಂಜೆ ಗಂಗಹನುಮಯ್ಯ ತಾನೇ ಬಂದು ಗೆರೆ ಎಳೆದು, ಡ್ರೋನ್ ಹೋಗುವವರೆಗೂ ಆ ನೆಲ ಮುಟ್ಟಬೇಡಿರೆಂದು ಹೇಳಿಹೋದ.

ಬೆಳಿಗ್ಗೆ ನಾವು ಹೋದಾಗ ವಿಮಲಮ್ಮ ಸಮಾಧಿಯ ಪಕ್ಕ ಸುಮ್ಮನೆ ಕೂತಿದ್ದಳು. ಮಗು ಹೋದ ಮೇಲೆ ಅವಳು ಅಲ್ಲಿ ಗುಡಿಸದೆ ಬಿಟ್ಟದ್ದು ಅದೇ ಮೊದಲ ದಿನ. ನುಗ್ಗೆಹೂ ಉದುರಿ ಸಮಾಧಿ ಮುಚ್ಚಿತ್ತು. ಗೆರೆಯ ಆಚೆ ಮುನಿಶಾಮಯ್ಯ ತನ್ನ ಕೋಳಿಗಳನ್ನು ಅಟ್ಟುತ್ತ ಕೂತಿದ್ದ. ಡ್ರೋನ್ ತಲೆಯ ಮೇಲೆ ಬಂದು, ತಿರುಗಿ, ಹೋಯಿತು.

"ಅಣ್ಣಾ," ಎಂದಳು ಅವಳು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು. "ಅಕ್ಕನ್ನ ಎಲ್ಲಿ ಮಣ್ಣು ಮಾಡುದ್ರಿ?"

"ತ್ವಾಟದಾಗೆ ಕಣವ್ವ. ಕಸ ಬೆಳ್ದೋಗೈತೆ."

"ಒಸಿ ತಾಳಣ್ಣ," ಎಂದು ವಿಮಲಮ್ಮ ಎದ್ದಳು. "ಪೊರಕೆ ತಕೊಂಡು ಬತ್ತೀನಿ."