ಕೆಮ್ಮಂಡಿ ತಿಗಣೆಗೆ ಹೆಸರಿಟ್ಟ ಅತ್ತೆ

ಬಹಳ ಬಹಳ ಹಿಂದೆ, ಏಳು ಬೆಟ್ಟದಾಚೆ, ಸಿರಿವಳ್ಳಿ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೊಬ್ಬ ಮಾಂತ್ರಿಕನ ಕಾಟವಿತ್ತು. ಹೆಸರಿಲ್ಲದ್ದೆಲ್ಲ ಅವನ ಸೊತ್ತು. ಹೆಸರಿಡದ ಕರುವನ್ನೂ ಒಯ್ಯುತ್ತಿದ್ದ, ಹೆಸರಿಡದ ತೊರೆಯನ್ನೂ ಒಯ್ಯುತ್ತಿದ್ದ. ಅದಕ್ಕೇ ಅಲ್ಲಿನ ಜನ ಬೀಸುಕಲ್ಲಿಗೂ ಹೆಸರಿಟ್ಟಿದ್ದರು.

ರಾಜನಿಗೆ ಗಂಡು ಕೂಸು ಹುಟ್ಟಿತು. ಹೆಸರಿಡಬೇಕಾದವಳು ಸೋದರತ್ತೆ ಹೊನ್ನಾತೆ. ಹೆಸರಿಡುವ ದಿನ ಅವಳೋ ಸೀರೆ ಉಡುವುದರಲ್ಲೇ ಹೊತ್ತು ಕಳೆದಳು. ಅಷ್ಟರಲ್ಲಿ ಮಾಂತ್ರಿಕ ತೊಟ್ಟಿಲು ಸಮೇತ ಕೂಸನ್ನು ಎತ್ತಿಕೊಂಡು ಹಾರಿಹೋದ.

ರಾಣಿ ಗೋಳಾಡಿ ಅತ್ತಳು. ಹೊನ್ನಾತೆಗೆ ಎದೆ ಒಡೆದಂತಾಯಿತು. "ಅಳಬ್ಯಾಡ್ರಿ ವೈನಿ, ಕೂಸು ಸಿಗೂತನಕ ಮನಿಗೆ ಬರಂಗಿಲ್ಲ," ಎಂದು ಅತ್ತಿಗೆಗೆ ಹೇಳಿ, ಸೆರಗು ಬಿಗಿದು ನಡೆದಳು.

ಅವಳು ಹೋಗಿ ಸೇರಿದ ಮಾಂತ್ರಿಕನ ತೋಟದಲ್ಲಿ ಇದ್ದದ್ದು ಒಂದೇ ಗಿಡ. ಅದರ ರಸದಲ್ಲಿ ಅವನ ಜೀವ. ಎಲೆಗಳ ಮೇಲೆ ಯಾರೂ ಕಂಡರಿಯದ, ಗಿಡದ ರಸ ಹೀರುವ ತಿಗಣೆಗಳು ಹಸಿದು ಕುಳಿತಿದ್ದವು. ಹೆಸರಿಲ್ಲದ ಅವು ಅವನ ಆಳುಗಳು. ಅಪ್ಪಣೆಯಿಲ್ಲದೆ ಒಂದು ಹನಿ ಹೀರುವಂತಿರಲಿಲ್ಲ. ಹೊನ್ನಾತೆಯ ಕೈಗೆಟುಕದಂತೆ ಕೂಸಿನ ತೊಟ್ಟಿಲಿಗೆ ಮಾಂತ್ರಿಕ ಅಡ್ಡ ನಿಂತಿದ್ದ.

"ಈ ಹುಳಕ್ಕ ಇದಕ್ಕಷ್ಟ ಒಪ್ಪೂವಂಥಾ ಹೆಸರಿಡು, ಕೂಸು ಒಯ್ಯಿ. ಮೂರು ಸಲ ತಪ್ಪಿದರ ನೀನೂ ನನ್ನ ತೊತ್ತು," ಎಂದ ಮಾಂತ್ರಿಕ. ಅವಳಿಂದ ಆಗದೆಂದು ಅವನಿಗೆ ಸೊಕ್ಕು.

ಹೊನ್ನಾತೆ ದೂರದಿಂದಲೇ ನೋಡಿ, "ಹಸಿರುಹುಳ!" ಎಂದಳು.

"ಹಸಿರು ಹುಳ ಹಾದಿಗೊಂದು ಅದಾವು," ಎಂದ ಅವನು.

ಒಂದು ಹೆಜ್ಜೆ ಮುಂದೆ ಹೋದಳು. ಹುಳ ಜಿಗಿಯಿತು. "ಜಿಗಿಹುಳ!"

"ಹಂಗಾರ ಮಿಡತಿ ಕುಂಟತೈತೇನು?"

ಇನ್ನು ಉಳಿದದ್ದು ಒಂದೇ ಸಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅದೀಗ ಹೊನ್ನಾತೆಗೆ ತಿಳಿಯಿತು. ನೆಲಕ್ಕೆ ಕುಳಿತು, ಉಸಿರು ಬಿಗಿಹಿಡಿದು ನೋಡಿದಳು. ಅಕ್ಕಿಕಾಳಿನಷ್ಟು ಮೈ. ಬೆನ್ನ ನಡುವೆ ಬಿಳಿಯ ಮುಕ್ಕೋನ. ಹೊಟ್ಟೆಯಡಿ ಮಡಚಿಟ್ಟ ಸೂಜಿಮೂತಿ. ಮೈಯೆಲ್ಲ ಹಸಿರು, ಆರು ಮಂಡಿಗಳು ಮಾತ್ರ ಕುಂಕುಮ ಹಚ್ಚಿದಂತೆ ಕೆಂಪು! ಇಂಥದ್ದು ಬೇರೆ ಯಾವ ಹುಳಕ್ಕೂ ಇಲ್ಲ. ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಹೆಸರೇನೋ ಹೊಳೆಯಿತು. ಆದರೆ ಅದನ್ನು ಕಿವಿಯಲ್ಲಿ 'ಕುರ್‌ರ್' ಎಂದು ಹೇಳಿಯೇ ಇಡಬೇಕು, ಅದು ಅವರ ಪದ್ಧತಿ. ಹುಳಕ್ಕೆ ಕಿವಿ ಎಲ್ಲಿದೆ? ತಲೆ ಹುಡುಕಿದಳು, ಬೆನ್ನು ಹುಡುಕಿದಳು. ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಒಂದು ಹುಳ ಹೊಟ್ಟೆ ಅದುರಿಸಿತು, ಎಲೆ ನಡುಗಿತು, ಆ ನಡುಕ ಕಾಲಿಗೆ ತಾಕಿ ಆಚೆ ಎಲೆಯ ಹುಳ ಇತ್ತ ತಿರುಗಿತು.

"ಕಾಲಾಗ ಕಿವಿ ಇಟ್ಕೊಂಡೀಯೇನ, ನನ್ನ ಕಂದಾ!" ಎಂದು ಹೊನ್ನಾತೆ ಎಲೆಯ ತೊಟ್ಟಿಗೇ ತುಟಿ ಹಚ್ಚಿದಳು. "ಕುರ್‌ರ್... ಕೆಮ್ಮಂಡಿ ತಿಗಣಿ!"

ಹೆಸರು ಬಿದ್ದದ್ದೇ ತಡ, ಹುಳಗಳು ಅವನ ಆಳುಗಳಾಗಿ ಉಳಿಯಲಿಲ್ಲ. ಹಸಿದ ಕೆಮ್ಮಂಡಿಗಳೆಲ್ಲ ಗಿಡಕ್ಕೆ ಮೂತಿಯಿಟ್ಟು ಹೀರಿದವು. ಗಿಡ ಬಾಡಿತು, ಮಾಂತ್ರಿಕನೂ ಬಾಡಿದ. ಗಾಳಿ ಅವನನ್ನು ಈರುಳ್ಳಿ ಸಿಪ್ಪೆಯಂತೆ ಹಾರಿಸಿಕೊಂಡು ಹೋಯಿತು. ತೊಟ್ಟಿಲಲ್ಲಿ ಕೂಸು ಕಾಲು ಬಡಿಯುತ್ತಿತ್ತು.

ಅರಮನೆಯಲ್ಲಿ ಹೊನ್ನಾತೆ ಕೂಸಿನ ಕಿವಿಗೆ ಬಗ್ಗಿ, "ಕುರ್‌ರ್... ಮುತ್ತರಾಯ!" ಎಂದಳು. ಹೆಸರಿಟ್ಟ ಅತ್ತೆಗೆ ಪದ್ಧತಿಯಂತೆ ಸಲ್ಲಬೇಕಾದ ಗುದ್ದುಗಳನ್ನು ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಸಲ್ಲಿಸಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ರಾಣಿ. ಗುದ್ದಿದ ಕೈಯಲ್ಲೇ ನಾದಿನಿಯನ್ನು ತಬ್ಬಿಕೊಂಡಳು. ಅವರೆಲ್ಲ ಹಾಗೆ ನಗುನಗುತ್ತಾ ಬಾಳಿದರು. ಕತೆ ಕೇಳಿದ ನಿಮ್ಮ ಮನೆಯ ತೊಟ್ಟಿಲೂ ತುಂಬಿರಲಿ.