ಅಪ್ಪನ ಬೊಗಸೆ

"ಕೊಡದಲ್ಲಿ ನಿಮ್ಮನೇಲಿ ಕುಡಿಯೋ ನೀರೇ ಇರ್ಬೇಕಪ್ಪಾ. ಇವತ್ತು ಕೆರೆಗೆ ಏನು ಸುರೀತೀಯೋ, ನಾಳೆಯಿಂದ ನಿನ್ನ ಕೈಯಲ್ಲಿ ಅದೇ ಹರಿಯೋದು," ಎಂದಳು ಕೆರೆಯ ಏರಿ ಕಾಯುವ ಏರಿಯಜ್ಜಿ.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲಜ್ಜಿ. ಬಣ್ಣ ಕೊಳ್ಳೋದು ತಪ್ತು," ಎಂದು ಊರಿಗೆ ಹೊಸಬನಾದ, ಬಟ್ಟೆಗೆ ಬಣ್ಣ ಹಾಕುವ ಬಣ್ಣಗಾರ ನಕ್ಕ.

ಕೆರೆಯ ಏರಿಯ ಮೇಲೆ ನಿಂತಿದ್ದವರಲ್ಲಿ ಒಬ್ಬರೂ ನಗಲಿಲ್ಲ. ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ? ಅದಕ್ಕೇ ಅಲ್ಲೊಂದು ಕಟ್ಟಳೆಯಿತ್ತು. ಹೊಸದಾಗಿ ಬಂದವರು ತಮ್ಮ ಮನೆಯ ಒಂದು ಕೊಡ ನೀರನ್ನು ಕೆರೆಗೆ ಸುರಿಯಬೇಕು. ಅಲ್ಲಿಂದ ಕೆರೆ ಅವರದೂ ಆಯಿತು. ಕಾಲುವೆಯ ಹೂಳೆತ್ತುವ ಪಾಳಿ, ಮೇಲಿನ ದಿಣ್ಣೆಯ ಹುಲ್ಲು ಕಾಯುವ ಪಾಳಿ ಅವರಿಗೂ ಬಂತು. ಬಣ್ಣಗಾರನಿಗೆ ಪಾಳಿಯ ಮಾತೇ ಆಗುತ್ತಿರಲಿಲ್ಲ. ಸಾಲದ್ದಕ್ಕೆ, ಬಣ್ಣದ ತೊಟ್ಟಿಯ ನೀರು ಕಾಲುವೆಗೆ ಬೀಳದಿರಲಿ ಎಂದು ಈ ಜನ ತಾವೇ ಕೈಜೋಡಿಸಿ ಅವನ ಹಿತ್ತಲಲ್ಲಿ ಗಾರೆಯ ಗುಂಡಿ ಕಟ್ಟಿಕೊಟ್ಟಿದ್ದರು. ಆ ಉಪಕಾರವೇ ಅವನಿಗೆ ಅವಮಾನವಾಗಿ ಕಂಡಿತ್ತು.

ಸೇಡಿಗೆಂದೇ ಅವನು ಕೊಡದ ತುಂಬ ತೊಟ್ಟಿಯ ತಳದ ನೀಲಿ ಗಸಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದ. ಕೊಡವನ್ನು ನೀರಿನೊಳಗೇ ಮುಳುಗಿಸಿ ಬಗ್ಗಿಸಿದ. ಯಾರಿಗೂ ಕಾಣಲಿಲ್ಲ. ಕೆರೆ ಮಾತ್ರ ನುಂಗಿದ ಹಾಗೆ ಗುಳಕ್ ಎಂದಿತು.

ಮನೆಯಲ್ಲಿ ಅವನಿಗಿದ್ದದ್ದು ಒಬ್ಬಳೇ ಪುಟ್ಟ ಮಗಳು. ತಾಯಿ ತೀರಿಕೊಂಡ ಮೇಲೆ ಅವಳಿಗೊಂದು ಹಟ: ಲೋಟದಲ್ಲಿ ಕುಡಿಯಳು. ಅಪ್ಪ ಬೊಗಸೆಯಲ್ಲಿ ನೀರು ಹಿಡಿಯಬೇಕು. ಅವಳು ಮೂಗು ಅದ್ದಿಕೊಂಡು ಕುಡಿದು, ಒದ್ದೆ ಗಲ್ಲವನ್ನು ಅವನ ತೋಳಿಗೆ ಒರೆಸಬೇಕು. ದಿನವಿಡೀ ಸಿಡುಕುವ ಮನುಷ್ಯ ಆ ಗಳಿಗೆಯಲ್ಲಿ ಬೆಣ್ಣೆಯಾಗುತ್ತಿದ್ದ.

ಮರುದಿನ ಮಧ್ಯಾಹ್ನ ಮೋಡ ಕವಿದು ಅಡುಗೆಮನೆ ಕತ್ತಲಾಗಿತ್ತು. ಮಗಳು ಬೊಗಸೆಗೆ ಬಾಯಿಟ್ಟು ಗುಟುಕರಿಸಿದಳು. ಥಟ್ಟನೆ ಮುಖ ಎತ್ತಿದಳು.

"ಅಪ್ಪಾ, ಕಹಿ."

ಅವಳ ತುಟಿ ನೀಲಿ. ನಾಲಗೆ ನೀಲಿ.

ಕೈಗೆ ಬಣ್ಣ ಅಂಟಿತ್ತೇನೋ ಎಂದುಕೊಂಡ. ಸೋಪು ಹಚ್ಚಿ, ಬೂದಿ ಹಚ್ಚಿ, ಚರ್ಮ ಕಿತ್ತುಬರುವಂತೆ ಉಜ್ಜಿದ. ಮತ್ತೆ ನೀರು ಹಿಡಿದ. ಬೆರಳು ತಾಗಿದ್ದೇ ತಡ ತಿಳಿನೀರು ಕಪ್ಪಿಟ್ಟಿತು. ಲೋಟ ಎತ್ತಿದ. ಕಪ್ಪು. ತಂಬಿಗೆ ಎತ್ತಿದ. ಅದೂ ಕಪ್ಪು. ಹಳಸಿದ ತೊಟ್ಟಿಯ ನಾತ ಮನೆ ತುಂಬಿತು. ಹಂಡೆಯ ಮುಚ್ಚಳ ತೆಗೆದ. ಒಳಗೆ ಕತ್ತಲು. ಆ ಕತ್ತಲಿನ ಆಳದಲ್ಲಿ ಒಂದು ಮಗು ಕೆಮ್ಮಿತು. ಆಮೇಲೆ ಇನ್ನೊಂದು. ಆಮೇಲೆ ಹಲವು. ಅವುಗಳ ಹಿಂದೆ ಹೆಂಗಸರು ಅಳುತ್ತಿದ್ದರು. ಒಂದೊಂದೇ ಹೆಸರು ಹಿಡಿದು ಕರೆದು ಅಳುತ್ತಿದ್ದರು. ಕೊನೆಗೆ ಅವನ ಮಗಳ ಹೆಸರು ಬಂತು.

ತಿರುಗಿ ನೋಡಿದ. ಮಗಳು ನೆಲಕ್ಕೆ ಬಿದ್ದು ಕೆಮ್ಮುತ್ತಿದ್ದಳು.

ಅವಳನ್ನು ಹೆಗಲಿಗೆ ಹಾಕಿಕೊಂಡು ಏರಿಯಜ್ಜಿಯ ಬಾಗಿಲಿಗೆ ಓಡಿದ.

"ಕೊಡದಲ್ಲಿ ಏನಿತ್ತು?" ಎಂದು ಅಜ್ಜಿ ಕೇಳಿದಳು.

ಅವನು ಹೇಳಿದ. ಅಜ್ಜಿ ಬೈಯಲಿಲ್ಲ, ಕುಸಿದು ಕೂತು ಅತ್ತುಬಿಟ್ಟಳು.

"ಹಿಂದೆ ಕೆರೆಗೆ ಯಾರೋ ಹೊಲಸು ಬಿಟ್ಟು ಎಳೆಮಕ್ಕಳೆಲ್ಲ ಸತ್ತುಹೋದ್ವು. ಹೆತ್ತೋರು ಸೇರಿ ಮಾಟ ಕಟ್ಸಿದ್ರು. ಕೆರೆ ಕೆಡ್ಸಿದೋನು ತನ್ನ ಮಗೂಗೆ ಕೈಯಾರೆ ನೀರು ಕೊಡೋ ಹಾಗಾಗ್ಬಾರ್ದು ಅಂತ. ನಮ್ಮಮ್ಮಾನೂ ಅಲ್ಲಿದ್ಲು, ನನ್ನ ತಮ್ಮನ್ನ ಕಳ್ಕೊಂಡೋಳು. ದುಃಖದಲ್ಲಿ ಕಟ್ಸಿದ್ದು ಕಣಪ್ಪಾ. ಶಾಪ ತಟ್ಟೋದೂ ಒಂದು ಮಗೂಗೇ ಅಂತ ಯಾರಿಗೂ ಹೊಳೀಲಿಲ್ಲ."

"ಬಿಚ್ಚಿಸಿ ಅಜ್ಜಿ. ನಿಮ್ಮ ಕಾಲು ಹಿಡೀತೀನಿ."

"ಕಟ್ಟಿದೋರೇ ಬಿಚ್ಬೇಕು. ಅವ್ರು ಯಾರೂ ಉಳಿದಿಲ್ಲ. ಮಗೂನ ಉಳಿಸ್ಕೋಬೋದು. ಅದು ಊರೋರ ಕೈಲಿದೆ."

ಏರಿ ಬಿರುಕುಬಿಟ್ಟಾಗ ಬಾರಿಸುವ ಗಂಟೆಯನ್ನು ಅಜ್ಜಿ ಬಾರಿಸಿದಳು. ಜನ ಗುದ್ದಲಿ ಹಿಡಿದೇ ಓಡಿಬಂದರು. ವಿಷಯ ತಿಳಿದು ಕೆಲವರು ಅವನ ಮುಂದೆ ಥೂ ಎಂದು ಉಗಿದರು; ಆದರೆ ಒಬ್ಬರೂ ಕೈಬಿಡಲಿಲ್ಲ. ಹೂಳೆತ್ತಲು ನಿಲ್ಲುವ ಹಾಗೆಯೇ ಮನೆಗೊಬ್ಬರಂತೆ ಸಾಲು ನಿಂತು, ತಂತಮ್ಮ ಮನೆಯ ನೀರನ್ನು ಬೊಗಸೆಯಲ್ಲಿ ಹಿಡಿದರು. ದರ್ಜಿ ಕುಡಿಸಿದ. ಮೇಷ್ಟ್ರ ಹೆಂಡತಿ ಕುಡಿಸಿದಳು. ಗುಂಡಿ ಕಟ್ಟಿಕೊಟ್ಟಿದ್ದ ಗಾರೆಯವನು, ಬಣ್ಣಗಾರನ ಮುಖ ನೋಡದೆ, ಮಂಡಿಯೂರಿ ಕುಡಿಸಿದ. ಒಂದೊಂದು ಬೊಗಸೆಗೂ ತುಟಿಯ ನೀಲಿ ಒಂದಿಷ್ಟು ಕಳೆಯಿತು. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಮೂಗು ಮುರಿದಿದ್ದವನು ಒಂದೊಂದು ಹನಿಗೂ ಕೈಮುಗಿಯುತ್ತ ನಿಂತಿದ್ದ.

ಕಡೆಗೆ ಮಗಳು ಕಣ್ಣುಬಿಟ್ಟು ಸುತ್ತ ಹುಡುಕಿದಳು.

"ಅಪ್ಪಾ, ನೀನು ಕೊಡು."

ಅವನ ಕಣ್ಣೀರು ಅಂಗೈ ಮೇಲೆ ಬಿತ್ತು. ಬಿದ್ದ ಹನಿ ಕಪ್ಪಾಯಿತು.

ಈಗ ಮಗಳು ಏರಿಯಜ್ಜಿಯ ಮನೆಯಲ್ಲಿದ್ದಾಳೆ. ಅವನು ಕೈಯಾಡಿಸಿದ ಮನೆಯಲ್ಲಿ ಅವಳಿಗೆ ಕುಡಿಯುವ ನೀರಿಲ್ಲ. ತೊಟ್ಟಿಯನ್ನು ಅವನೇ ಒಡೆದುಹಾಕಿದ. ಕೈ ತಾಗಿದರೆ ನೀರು ಕೆಡುವುದರಿಂದ ಕಾಲುವೆಗಿಳಿಯುವಂತಿಲ್ಲ, ಅದಕ್ಕೇ ಎಲ್ಲರ ಪಾಳಿಯಲ್ಲೂ ಏರಿಗೆ ಒಣಮಣ್ಣು ಹೊರುತ್ತಾನೆ. ಬಾಯಾರಿದರೆ ಯಾರಾದರೂ ಅವನ ಬಾಯಿಗೆ ನೀರು ಹುಯ್ಯುತ್ತಾರೆ.

ಮೊನ್ನೆ ಮಗಳು ಏರಿ ಹತ್ತಿ ಬಂದಳು. ಪುಟ್ಟ ಬೊಗಸೆಯ ನೀರು ದಾರಿಯಲ್ಲೇ ಮುಕ್ಕಾಲು ಸೋರಿಹೋಗಿತ್ತು.

"ಕುಡಿ ಅಪ್ಪಾ."

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಕುಡಿದ. ಅವನ ಒದ್ದೆ ಗಲ್ಲವನ್ನು ಅವಳೇ ಒರೆಸಿದಳು.

"ಈಗ ನಂಗೆ ನೀನು."

ಅವನು ಕೈ ಮುಂದಕ್ಕೆ ತರಲಿಲ್ಲ. ಅವಳು ಬಾಯಿ ತೆರೆದು ಕಾಯುತ್ತಲೇ ಇದ್ದಳು.