ತಾನಾಗಿ ಬದಲಾಗುವ ತಾರೀಕು

“ಬದಲಿ ಮಾಡಿಸ್ಕೊಂಡು ಹೊಂಟೀರಿ... ಮತ್ತ ನನ್ನ ಯಾಕ ಕೇಳಿದ್ರಿ, ಸರ?”

ನಸ್ರೀನಳ ಮಾತಿಗೆ ರಮೀಜ ಕಕ್ಕಾಬಿಕ್ಕಿಯಾದ.

ಇಸವಿ ಎರಡು ಸಾವಿರದ ಮೂರು. ಮರಾಠಿ ನಾಡಿನ ಗಡಿಯ ಉಮದಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಶೌಕತ ಚಾಚಾನ ಟೈಪಿಂಗ್ ಅಂಗಡಿಯಲ್ಲಿ ನಸ್ರೀನ ಕೆಲಸಕ್ಕೆ ಸೇರಿ ಆರೇಳು ತಿಂಗಳಾಗಿತ್ತು. ಬಾಲಗಾಂವದ ಕನ್ನಡ ಶಾಲೆಯ ಮಾಸ್ತರ ರಮೀಜ ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಬರುತ್ತ ಬರುತ್ತ ಮನಸ್ಸನ್ನೇ ಅಲ್ಲಿ ಬಿಟ್ಟುಹೋಗಿದ್ದ. ನಿನ್ನೆ ಬಾಯಿಬಿಟ್ಟು ಕೇಳಿಯೂ ಇದ್ದ: “ನನ್ನ ಜೋಡಿ ಲಗ್ನ ಆಗ್ತೀಯೇನು?”

ಇವತ್ತು ಹೂಂ ಅನ್ನಬೇಕೆಂದೇ ಅವಳು ಬಂದಿದ್ದಳು. ನಾಳೆ ಶುಕ್ರವಾರ... ಮಧ್ಯಾಹ್ನದ ನಮಾಜು ಮುಗಿಸಿ, ವಿಜಾಪುರದ ಸಂಬಂಧಕ್ಕೆ ಅಬ್ಬಾ ಮಾತು ಕೊಡುವ ದಿನ!

ಆದರೆ ಅವನ ಹಳೆಯ ಪ್ರಶ್ನೆಪತ್ರಿಕೆ ಹುಡುಕುವಾಗ ಕಂಪ್ಯೂಟರಿನಲ್ಲಿ ಮರಾಠಿ ಅರ್ಜಿಯೊಂದು ಕಣ್ಣಿಗೆ ಬಿತ್ತು. ಸಾಂಗಲಿ ಕಡೆಗೆ ಬದಲಿ ಕೇಳುವ ಅರ್ಜಿ. ಕೆಳಗೆ ರಮೀಜನ ಹೆಸರು, ಮೇಲೆ ಇವತ್ತಿನ ತಾರೀಕು.

“ಅದು ಎರಡ ವರ್ಸದ ಹಿಂದಿಂದು! ಆಗ ಇಲ್ಲಿ ಮನಸ ಹತ್ತಿರಲಿಲ್ಲ. ನಾ ಅದನ್ನ ಕೊಡಲೇ ಇಲ್ಲ.”

“ತಾರೀಕು ಸುಳ್ಳ ಹೇಳ್ತದೇನ್ರಿ?”

ರಮೀಜ ಕಣ್ಣಂಚು ಒರೆಸಿಕೊಂಡು ಹೊರಟುಹೋದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ನೊಂದ ನಸ್ರೀನಳಿಗೆ ಗಾದೆ ಎಲ್ಲಿ ಕೇಳಿಸುತ್ತದೆ!

ಶುಕ್ರವಾರ ಬೆಳಿಗ್ಗೆ, ಆ ಅರ್ಜಿಯನ್ನು ಅಳಿಸಿಯೇ ಬಿಡಬೇಕೆಂದು ತೆರೆದಳು. ಅಳಿಸುವ ಮುಂಚೆ ಇನ್ನೊಮ್ಮೆ ಓದುವ ಹುಚ್ಚು... ಇದೇನಿದು? ನಿನ್ನೆಯ ತಾರೀಕು ಇಲ್ಲ! ಇವತ್ತಿನದಿದೆ!

“ಚಾಚಾ, ಈ ಫೈಲು ಯಾರು ಮುಟ್ಯಾರ್ರಿ?”

ಚಹಾ ಹೀರುತ್ತಿದ್ದ ಶೌಕತ ಚಾಚಾ ನಕ್ಕ. “ಯಾರೂ ಮುಟ್ಟಿಲ್ಲವಾ. ನನ್ನ ಅರ್ಜಿಗೋಳಿಗೆಲ್ಲಾ ಆಟೋಮ್ಯಾಟಿಕ್ ತಾರೀಕು ಹಾಕೀನಿ. ತೆರದ ದಿನದ್ದು ತಾನ ಬರ್ತದ. ಗಿರಾಕಿ ಬಂದಾಗೊಮ್ಮೆ ಯಾರು ಟೈಪ್ ಮಾಡ್ತಾರ?”

ನಸ್ರೀನ ತನ್ನನ್ನೇ ಬೈದುಕೊಂಡಳು. ‘ಯಂತ್ರ ಹೇಳಿದ್ದನ್ನು ನಂಬಿದೆ... ಎದುರಿಗೆ ನಿಂತು ಹೇಳಿದವನನ್ನು ನಂಬಲಿಲ್ಲವಲ್ಲ!’

ಸ್ಟ್ಯಾಂಡಿನಲ್ಲಿ ಬಾಲಗಾಂವದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಕಿಟಕಿಯಲ್ಲಿ ರಮೀಜ. ಅವಳು ಓಡಿದಳು.

“ಸರ, ಇಳೀರಿ! ಲಗೂನ ಇಳೀರಿ!”

ಇಡೀ ಸ್ಟ್ಯಾಂಡು ತಿರುಗಿ ನೋಡಿತು. ನೋಡಲಿ ಬಿಡಿ!

ಅಂಗಡಿಗೆ ಕರೆತಂದು ತಾರೀಕು ತೋರಿಸಿದಳು. “ತಪ್ಪು ನಂದ. ನಿಮ್ಮ ಮಾತು ನಂಬಬೇಕಿತ್ತು...”

“ಅದು ಇರ್ಲಿ. ನಾ ಕೇಳಿದ್ದಕ್ಕ ಉತ್ತರ?”

ನಸ್ರೀನ ನಾಚುತ್ತ ಹೊಸ ಹಾಳೆ ತೆರೆದು ಟೈಪ್ ಮಾಡಿದಳು.

1. ಇವತ್ತ ಅಬ್ಬಾನ ಕೇಳ್ರಿ.

ಎಂಟರ್ ಒತ್ತಿದಳು. ಎರಡು ತಾನಾಗಿ ಮೂಡಿತು.

2. ನಮಾಜಿಗಿಂತ ಮೊದಲ ಕೇಳ್ರಿ.

“ಮೂರೂ ತಾನ ಬಂತಲ್ಲ... ಅದರ ಮುಂದೇನು?” ರಮೀಜ ತೆರೆಯತ್ತ ಬಾಗಿದ.

3. ಹೂಂ.

ಆಮೇಲೆ ಹಾಳೆಯ ಮೇಲ್ತುದಿಗೆ ಹೋಗಿ, ಒಂದೊಂದೇ ಅಂಕಿ ಒತ್ತಿ ತಾರೀಕು ಹಾಕತೊಡಗಿದಳು.

“ಅದೂ ತಾನ ಬರ್ತಿತ್ತಲ್ಲ, ನಸ್ರೀನ?”

“ಬ್ಯಾಡ್ರಿ. ಇದು ನಾಳಿ ಬದಲಾಗಬಾರದು.”